ಎಣ್ಣೆಯಲ್ಲಿ ನೀರು: ನಮ್ಮ ಸೀಮೆಯ ಕೆರೆಗಳು ಮತ್ತು ಒಂದು ಹಳೆಯ ಬುಲ್ಡೋಜರ್



ಶಿಕಾರಿಪುರ ಮತ್ತು ಸೊರಬ ಸೀಮೆಯ ಇತಿಹಾಸವೆಂದ ಕೂಡಲೇ ನಮ್ಮ ನೆನಪಿಗೆ ಬರುವುದು ತಾಳಗುಂದದ ಸ್ತಂಭಶಾಸನ, ಬಳ್ಳಿಗಾವಿಯ ಕೇದಾರೇಶ್ವರ, ಉಡುತಡಿಯ ಅಕ್ಕಮಹಾದೇವಿ, ಚಂದ್ರಗುತ್ತಿಯ ಬೆಟ್ಟ. ತರಗತಿಯಲ್ಲಿ ನಾನೂ ಇವನ್ನೇ ಪಾಠ ಮಾಡಿದವನು. ಆದರೆ ಇತಿಹಾಸವೆಂಬುದು ಅರಸರ ವಂಶಾವಳಿಯೊಡನೆ ಮುಗಿದುಹೋಗುವುದಿಲ್ಲ. ಈ ನೆಲದ ರೂಪವನ್ನು ಬದಲಿಸಿದ ಯಂತ್ರಗಳಿಗೂ, ಆ ಯಂತ್ರಗಳ ಕಾಯಿಲೆಯನ್ನು ಅರಿತು ವಾಸಿಮಾಡಿದ ಕೈಗಳಿಗೂ ಒಂದು ಇತಿಹಾಸವಿದೆ. ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ಆದ್ದರಿಂದ ಈ ಬಾರಿ ಬುಲ್ಡೋಜರಿನ ಕುರಿತು, ಅದರಲ್ಲಿಯೂ ಅದರ ಎಂಜಿನ್ನಿನ ಎಣ್ಣೆಗೆ ನೀರು ಸೇರುವ ವ್ಯಾಧಿಯ ಕುರಿತು ಬರೆಯುತ್ತಿದ್ದೇನೆ. ಸಮಾಜಶಾಸ್ತ್ರದ ಮೇಷ್ಟ್ರಿಗೆ ಎಂಜಿನ್ನಿನ ಗೊಡವೆ ಏಕೆಂದು ನಗಬೇಡಿ. ಓದುತ್ತಾ ಹೋದಂತೆ ಕೆರೆಯ ಏರಿಗೂ ಎಂಜಿನ್ನಿಗೂ ಇರುವ ನಂಟು ತಾನಾಗಿಯೇ ತಿಳಿದೀತು.

ಕೆರೆ ಕಟ್ಟಿದ ನಾಡು

ತಾಳಗುಂದದ ಸ್ತಂಭಶಾಸನ ಕ್ರಿಸ್ತಶಕ 5ನೆಯ ಶತಮಾನದ್ದು. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಶಾಸನವನ್ನು ನಾವು ಸಾಮಾನ್ಯವಾಗಿ ಮಯೂರಶರ್ಮನು ಕಂಚಿಯಲ್ಲಿ ಅವಮಾನಕ್ಕೊಳಗಾಗಿ ಅರಸನಾದ ಕಥೆಗಾಗಿ ಓದುತ್ತೇವೆ. ಆದರೆ ಶಾಸನವನ್ನು ಬರೆಸಿದ ಮೂಲ ಉದ್ದೇಶ ಬೇರೆಯೇ ಆಗಿದೆ. ಶಾಂತಿವರ್ಮನ ತಂದೆಯಾದ ಕಾಕುತ್ಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಒಂದು ಕೆರೆಯನ್ನು ಕಟ್ಟಿಸಿದನೆಂಬುದೇ ಅದರ ಮುಖ್ಯ ಸಮಾಚಾರ. ಅಂದರೆ ನಮ್ಮ ಸೀಮೆಯ ಅತ್ಯಂತ ಪ್ರಸಿದ್ಧವಾದ ದಾಖಲೆಯು ಒಂದು ಕೆರೆಯ ದಾಖಲೆ!

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟ (1902) ಶಿಕಾರಿಪುರವನ್ನೂ, 8ನೆಯ ಸಂಪುಟ (1904) ಸೊರಬವನ್ನೂ ಒಳಗೊಂಡಿವೆ. ಅವುಗಳ ಪುಟಗಳನ್ನು ತಿರುವಿಹಾಕಿದರೆ ಕೆರೆ ಕಟ್ಟಿಸಿದವರು, ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವರು, ಕೆರೆಯ ಸಂರಕ್ಷಣೆಗಾಗಿ ಗದ್ದೆ ಬಿಟ್ಟವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಶಬ್ದಗಳೆಲ್ಲ ಕೆರೆಯ ನಿರ್ಮಾಣ ಮತ್ತು ಪೋಷಣೆಗಾಗಿ ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯದ ಹೆಸರುಗಳು. ಕೆರೆಯನ್ನು ಕಟ್ಟುವುದು ಒಂದು ಸಲದ ಪುಣ್ಯ, ಅದನ್ನು ಕಾಯುವುದು ನಿತ್ಯದ ಕೆಲಸ ಎಂಬ ತಿಳಿವಳಿಕೆ ಆ ಜನರಿಗಿತ್ತು.

ಈ ಸಂದರ್ಭದಲ್ಲಿ ನೆರೆಯ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಶಾಸನವನ್ನು ನೆನೆಯಲೇಬೇಕು. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ರಲ್ಲಿ ಹಾಕಿಸಿದ ಶಾಸನವಿದು. ಪ್ರತಿದಿನ 1000 ಮಂದಿ ಆಳುಗಳು ದುಡಿದರು, ಕಲ್ಲು ಸಾಗಿಸಲು 100 ಗಾಡಿಗಳಿದ್ದವು, ಕೆಲಸ 2 ವರ್ಷಗಳಲ್ಲಿ ಮುಗಿಯಿತು ಎಂದು ಅದು ಹೇಳುತ್ತದೆ. ಉತ್ತಮ ಕೆರೆಗೆ ಇರಬೇಕಾದ 12 ಅಂಗಗಳನ್ನೂ, ಇರಬಾರದ 6 ದೋಷಗಳನ್ನೂ ಪಟ್ಟಿಮಾಡುತ್ತದೆ. ಆ ದೋಷಗಳಲ್ಲಿ ಮೊದಲನೆಯದು ಯಾವುದು ಬಲ್ಲಿರಾ? ಏರಿಯಿಂದ ನೀರು ಜಿನುಗುವುದು! ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು ಮುಂತಾದವೆಲ್ಲ ಆಮೇಲೆ. ನೀರು ತಾನಿರಬೇಕಾದ ಸ್ಥಳದಿಂದ ಇರಬಾರದ ಸ್ಥಳಕ್ಕೆ ಜಿನುಗುವುದೇ ಮೊದಲ ದೋಷವೆಂದು ಆ ಹಿರಿಯರು ಕಂಡುಕೊಂಡಿದ್ದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚೈನು ಗಾಡಿಯ ಹುಟ್ಟು

ಸಾವಿರ ಆಳುಗಳ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸುವ ಕಥೆ ಬಹು ದೂರದಲ್ಲಿ ಆರಂಭವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಎಂಬಲ್ಲಿ ಬೆಂಜಮಿನ್ ಹೋಲ್ಟ್ ಎಂಬವನು ಭಾರವಾದ ಉಗಿ ಟ್ರಾಕ್ಟರುಗಳನ್ನು ತಯಾರಿಸುತ್ತಿದ್ದ. ನದೀಮುಖಜ ಭೂಮಿಯ ಕೆಸರಿನಲ್ಲಿ ಅವುಗಳ ಚಕ್ರಗಳು ಹೂತುಹೋಗುತ್ತಿದ್ದವು. ನಮ್ಮ ಗದ್ದೆಯಲ್ಲಿ ಗಾಡಿ ಹೂತಾಗ ಹಲಗೆ ಹಾಸುತ್ತೇವಲ್ಲವೇ? ಹೋಲ್ಟನು ಆ ಹಲಗೆಗಳನ್ನೇ ಸರಪಳಿಯಾಗಿ ಜೋಡಿಸಿ ಚಕ್ರಕ್ಕೆ ಸುತ್ತಿದ. ಯಂತ್ರವು ತನ್ನ ದಾರಿಯನ್ನು ತಾನೇ ಹಾಸಿಕೊಳ್ಳುತ್ತಾ, ತಾನೇ ಎತ್ತಿಕೊಳ್ಳುತ್ತಾ ಸಾಗಿತು. 1904ರ ನವೆಂಬರ್ 24ರಂದು ಅದರ ಪರೀಕ್ಷೆ ನಡೆಯಿತು. 1925ರಲ್ಲಿ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಒಂದಾಗಿ ಕ್ಯಾಟರ್‌ಪಿಲ್ಲರ್ ಟ್ರಾಕ್ಟರ್ ಕಂಪನಿ ಹುಟ್ಟಿತು. ಇಂಥ ಟ್ರಾಕ್ಟರಿನ ಮುಂದೆ ಮಣ್ಣು ತಳ್ಳುವ ಬ್ಲೇಡನ್ನು 1923ರಲ್ಲಿ ರೂಪಿಸಿದವರು ಕಾನ್ಸಾಸ್ ಪ್ರಾಂತದ ಜೇಮ್ಸ್ ಕಮಿಂಗ್ಸ್ ಎಂಬ ರೈತ ಮತ್ತು ಅರ್ಲ್ ಮೆಕ್ಲಿಯಾಡ್ ಎಂಬ ನಕ್ಷೆಗಾರ. 1931ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ಡೀಸೆಲ್ ಎಂಜಿನ್ನಿನ ಚೈನು ಟ್ರಾಕ್ಟರನ್ನು ಹೊರತಂದಿತು.

ಬುಲ್ಡೋಜರು ಭಾರತದ ನೆಲದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಎರಡನೆಯ ಮಹಾಯುದ್ಧದಲ್ಲಿ. ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡುಗಳ ಮೂಲಕ ಚೀನಾದತ್ತ ರಸ್ತೆ ಕಡಿದ ಅಮೆರಿಕನ್ ಸೈನ್ಯ ಅವುಗಳನ್ನು ಬಳಸಿತು. ಯುದ್ಧ ಮುಗಿದ ಮೇಲೆ ಇಲ್ಲಿಯೇ ಉಳಿದ ಯಂತ್ರಗಳು ಹೊಸ ಸರ್ಕಾರದ ಕೈಸೇರಿ, ಕೇಂದ್ರೀಯ ಟ್ರಾಕ್ಟರ್ ಸಂಸ್ಥೆಯ ಮೂಲಕ ಮಧ್ಯಭಾರತದ ಕಾಸ್ ಹುಲ್ಲಿನ ಬೀಳುಭೂಮಿಯನ್ನು ಉಳಲು ಹೋದವು. 1949ರ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಕೊಟ್ಟ ಎರಡನೆಯ ಸಾಲ, 1 ಕೋಟಿ ಡಾಲರು, ಇದೇ ಬಗೆಯ ಕೃಷಿಯಂತ್ರಗಳ ಖರೀದಿಗಾಗಿ. ಯುದ್ಧಕ್ಕೆಂದು ಬಂದದ್ದು ಅನ್ನಕ್ಕೆ ದುಡಿಯಿತು.

ಕರ್ನಾಟಕದ ಪಾಲು

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ರಕ್ಷಣಾ ಸಚಿವಾಲಯದ ಅಧೀನದಲ್ಲಿ ಭಾರತ್ ಅರ್ತ್ ಮೂವರ್ಸ್ ಲಿಮಿಟೆಡ್, ಅಂದರೆ ಬೆಮೆಲ್, 1964ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 1965ರ ಜನವರಿ 1ರಿಂದ ಅದು ಕೆಲಸ ಆರಂಭಿಸಿತು. ಅದರ ಬುಲ್ಡೋಜರುಗಳು ತಯಾರಾದದ್ದು ಕೋಲಾರ ಚಿನ್ನದ ಗಣಿಯ ಊರಿನಲ್ಲಿ. ಭೂಮಿಯ ಆಳಕ್ಕಿಳಿದು ಚಿನ್ನ ತೆಗೆದ ಜನರ ಮಕ್ಕಳು ಭೂಮಿಯ ಮೇಲ್ಮೈಯನ್ನು ತಳ್ಳುವ ಯಂತ್ರವನ್ನು ಕಟ್ಟಿದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ನಂತರವೂ ಆ ಕಾರ್ಖಾನೆ ಊರಿನ ಆಧಾರವಾಗಿ ಉಳಿಯಿತು.

ಬೆಮೆಲ್‌ಗೆ ತಾಂತ್ರಿಕ ಸಹಕಾರ ನೀಡಿದ್ದು ಜಪಾನಿನ ಕೊಮಾತ್ಸು. 1921ರಲ್ಲಿ ಸ್ಥಾಪನೆಯಾದ ಈ ಕಂಪನಿ ಕೂಡ ಮೂಲದಲ್ಲಿ ಒಂದು ಗಣಿಯ ಯಂತ್ರಾಗಾರವೇ. ಯುದ್ಧದ ಕಾಲದಲ್ಲಿ ಜಪಾನೀ ಪಡೆಗಳ ಕೈಗೆ ಸಿಕ್ಕ ಅಮೆರಿಕನ್ ಬುಲ್ಡೋಜರನ್ನು ನೋಡಿ ಕೊಮಾತ್ಸು 1943ರಲ್ಲಿ ತನ್ನ ಮೊದಲ ಬುಲ್ಡೋಜರನ್ನು ತಯಾರಿಸಿತು. ಹೀಗೆ ಕ್ಯಾಲಿಫೋರ್ನಿಯಾದ ಕೆಸರಿನಲ್ಲಿ ಹುಟ್ಟಿದ ಯುಕ್ತಿಯು ಜಪಾನಿನ ದಾರಿಯಾಗಿ ಕೋಲಾರಕ್ಕೂ, ಕೋಲಾರದಿಂದ ಮಲೆನಾಡಿನ ಕೆರೆಯ ಏರಿಗೂ ಬಂದಿತು.

ಬೆಮೆಲ್‌ನ ಹಳೆಯ ಯಂತ್ರಗಳಲ್ಲಿ ಬಹು ಪ್ರಸಿದ್ಧವಾದದ್ದು ಡಿ-80. ಸುಮಾರು 20 ಟನ್ ತೂಕ, 180 ಅಶ್ವಶಕ್ತಿ. ಅದರ ಹೊಟ್ಟೆಯೊಳಗಿದ್ದದ್ದು 6 ಸಿಲಿಂಡರುಗಳ, 12 ಲೀಟರ್ ಗಾತ್ರದ ಕಮ್ಮಿನ್ಸ್ ಎಂಜಿನ್. ಈ ವರ್ಗದ ಎಂಜಿನ್ನುಗಳನ್ನು ಪುಣೆಯಲ್ಲಿ 1962ರಲ್ಲಿ ಆರಂಭವಾದ ಕಿರ್ಲೋಸ್ಕರ್ ಕಮ್ಮಿನ್ಸ್ ಕಾರ್ಖಾನೆ ತಯಾರಿಸುತ್ತಿತ್ತು. ಆ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಉದ್ಯಮ ಆರಂಭಿಸಿದ್ದು 1888ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಎಂಬುದನ್ನು ನೆನೆದರೆ ಹೆಮ್ಮೆಯೆನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಶರಾವತಿ ಕಣಿವೆಯಿಂದ ಎದ್ದುಬಂದ ಕುಟುಂಬಗಳಿಗೆ ಜಿಲ್ಲೆಯ ಬೇರೆ ಬೇರೆ ಕಡೆ ಕಾಡು ಸವರಿ ಜಮೀನು ಮಾಡಿಕೊಡಲಾಯಿತು. ಆ ದಶಕಗಳಲ್ಲಿ ಬುಲ್ಡೋಜರ್ ಎಂಬ ಶಬ್ದ ನಮ್ಮ ಹಳ್ಳಿಗಳಿಗೆ ಪರಿಚಿತವಾಯಿತು. ಹೊಸ ರಸ್ತೆ, ಗದ್ದೆಯ ಸಮತಟ್ಟು, ಕೆರೆಯ ಹೂಳು, ಒಡೆದ ಏರಿ, ಎಲ್ಲದಕ್ಕೂ ಚೈನು ಗಾಡಿಯನ್ನು ಕಾಯುವ ಕಾಲ ಬಂತು. ರಾಜ್ಯದಲ್ಲಿಯೇ ಹೆಚ್ಚು ಕೆರೆಗಳಿರುವ ತಾಲ್ಲೂಕುಗಳಲ್ಲಿ ಒಂದಾದ ಸೊರಬದಲ್ಲಿ ಈ ಕಾಯುವಿಕೆ ಸಹಜವೇ ಆಗಿತ್ತು.

ಎರಡು ದ್ರವಗಳ ನಡುವಿನ ಗೋಡೆ

ಈಗ ಎಂಜಿನ್ನಿನೊಳಗೆ ಇಣುಕಿ ನೋಡೋಣ. ಡೀಸೆಲ್ ಉರಿಯುವಾಗ ಸಿಲಿಂಡರಿನೊಳಗಿನ ಉಷ್ಣತೆ ಕ್ಷಣಮಾತ್ರ 2000 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ತಣಿಸದಿದ್ದರೆ ಲೋಹ ಉಳಿಯದು. ಆದ್ದರಿಂದ ಸಿಲಿಂಡರಿನ ಸುತ್ತ ನೀರು ಹರಿಯುತ್ತದೆ, ರೇಡಿಯೇಟರಿನಲ್ಲಿ ತಣಿದು ಮರಳುತ್ತದೆ. ಇತ್ತ ತಿರುಗುವ ಕ್ರ್ಯಾಂಕು, ಬೇರಿಂಗುಗಳಿಗೆ ಎಣ್ಣೆ ಬೇಕು. ಅದು ತಳದ ಚೇಂಬರಿನಿಂದ ಪಂಪಿನ ಮೂಲಕ ಮೇಲೇರಿ ಮತ್ತೆ ಕೆಳಗಿಳಿಯುತ್ತದೆ. ಹೀಗೆ ಒಂದೇ ಕಬ್ಬಿಣದ ಒಡಲಿನಲ್ಲಿ ನೀರಿಗೊಂದು ದಾರಿ, ಎಣ್ಣೆಗೊಂದು ದಾರಿ. ಕೆಲವೆಡೆ ಇವೆರಡರ ನಡುವೆ ಇರುವುದು ಬೆರಳಿನಷ್ಟು ದಪ್ಪದ ಲೋಹ ಅಥವಾ ಒಂದು ರಬ್ಬರಿನ ಬಳೆ ಮಾತ್ರ.

ಮೇಲೆ ಹೇಳಿದ ಎಂಜಿನ್ನಿನಲ್ಲಿ ಪಿಸ್ಟನ್ ಆಡುವ ಕೊಳವೆ, ಅಂದರೆ ಲೈನರ್, ನೇರವಾಗಿ ನೀರಿನಲ್ಲಿಯೇ ನಿಂತಿರುತ್ತದೆ. ಅದರ ಕೆಳತುದಿಯ ರಬ್ಬರ್ ಓ-ರಿಂಗುಗಳು ನೀರು ಚೇಂಬರಿಗೆ ಇಳಿಯದಂತೆ ತಡೆಯುತ್ತವೆ. ಕೆರೆಗೆ ತೂಬಿನ ಮುಚ್ಚಳವಿದ್ದಂತೆ ಎನ್ನಿ.

ಎಣ್ಣೆಗೆ ನೀರು ಸೇರಬಹುದಾದ ದಾರಿಗಳು ಹಲವು. ಒಂದು, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುವುದು. ಎರಡು, ಹೆಡ್ಡಿನಲ್ಲಿ ಬಿರುಕು ಬಿಡುವುದು ಅಥವಾ ಇಂಜೆಕ್ಟರ್ ಕೂರುವ ತಾಮ್ರದ ತೋಳು ಸಡಿಲವಾಗುವುದು. ಮೂರು, ಲೈನರಿನ ಓ-ರಿಂಗು ಗಟ್ಟಿಯಾಗಿ ಬಿರಿಯುವುದು. ನಾಲ್ಕು, ಲೈನರಿನಲ್ಲಿಯೇ ತೂತು ಬೀಳುವುದು. ಐದು, ಆಯಿಲ್ ಕೂಲರಿನ ಒಳಕೊಳವೆ ಸೋರುವುದು. ಇವಲ್ಲದೆ ಮಲೆನಾಡಿನಲ್ಲಿ ಆರನೆಯದೊಂದಿದೆ, ಮುಚ್ಚಳವಿಲ್ಲದ ಸೈಲೆನ್ಸರ್ ಕೊಳವೆಯ ಮೂಲಕ ಮಳೆಯ ನೀರೇ ಒಳಗಿಳಿಯುವುದು. ಪೋರುಮಾಮಿಳ್ಳದ ಶಾಸನದ ಹಾಗೆ ಇಲ್ಲಿಯೂ ದೋಷಗಳು ಆರೇ!

ನೀರು ಸೇರಿದರೇನಾಯಿತು ಎಂದು ಕೇಳಬಹುದು. ಬೇರಿಂಗಿನಲ್ಲಿ ಲೋಹವು ಲೋಹಕ್ಕೆ ತಾಗದಂತೆ ತಡೆಯುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಅಷ್ಟು ಭಾರವನ್ನು ಹೊರುವ ಶಕ್ತಿ ನೀರಿಗಿಲ್ಲ. ನೀರು ಬೆರೆತ ಎಣ್ಣೆಯಲ್ಲಿ ದುಡಿದ ಎಂಜಿನ್ನಿನ ಬೇರಿಂಗು ಸವೆದು, ಕ್ರ್ಯಾಂಕನ್ನೇ ಕೆಡಿಸುತ್ತದೆ. ಕೆಲವು ರೂಪಾಯಿಗಳ ರಬ್ಬರ್ ಬಳೆಯ ದೋಷವು ಇಡೀ ಎಂಜಿನ್ನನ್ನು ನುಂಗಬಲ್ಲದು.

ಒಂದು ಬೇಸಿಗೆಯ ಪರೀಕ್ಷೆ

1980ರ ದಶಕದ ಕೊನೆಯ ಭಾಗ. ನಾನಾಗ ಸೊರಬ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹಿಂದಿನ ಮಳೆಗಾಲದಲ್ಲಿ ಸಮೀಪದ ಹಳ್ಳಿಯೊಂದರ ಕೆರೆಯ ಏರಿ ಒಡೆದು, ಕೆಳಗಿನ ಗದ್ದೆಗಳಿಗೆ ಮರಳು ಹೊಡೆದಿತ್ತು. ಒಂದು ಬೆಳೆ ಹೋಗಿತ್ತು. ಎರಡನೆಯ ಬೆಳೆಯೂ ಹೋದರೆ ಹಲವು ಮನೆಗಳು ಸಾಲದಲ್ಲಿ ಮುಳುಗುವುದು ಖಚಿತವಾಗಿತ್ತು. ಏಪ್ರಿಲ್ ಕಳೆದ ಮೇಲೆ ಅಂತೂ ಒಂದು ಹಳೆಯ ಡಿ-80 ಬಂತು. ಮೃಗಶಿರ ಮಳೆ ಹಿಡಿಯುವುದರೊಳಗೆ ಏರಿ ಎದ್ದು ನಿಲ್ಲಬೇಕು. ಶಾಲೆಗೆ ರಜೆಯಾದ್ದರಿಂದ ನಾನೂ ದಿನಾ ಅತ್ತ ಹೋಗಿ ನಿಲ್ಲುತ್ತಿದ್ದೆ.

ಕೃತ್ತಿಕೆ ಮಳೆಯ ದಿನಗಳು. ಒಂದು ಬೆಳಗ್ಗೆ ಆಪರೇಟರು ಯಂತ್ರವನ್ನು ಚಾಲೂ ಮಾಡಲಿಲ್ಲ. ಮೂರು ದಿನಗಳಿಂದ ರೇಡಿಯೇಟರಿಗೆ ದಿನವೂ ಕೊಡಗಟ್ಟಲೆ ನೀರು ಹಾಕಬೇಕಾಗುತ್ತಿತ್ತು. ಹೊರಗೆಲ್ಲೂ ಸೋರಿದ ಗುರುತಿಲ್ಲ. ಎಣ್ಣೆಯ ಅಳತೆಯ ಕಡ್ಡಿಯನ್ನು ಎಳೆದರೆ ಮಟ್ಟ ಇಳಿಯುವ ಬದಲು ಏರಿದೆ, ಬಣ್ಣ ಹಾಲು ಬೆರೆಸಿದ ಕಾಫಿಯಂತಾಗಿದೆ. ಆ ಆಪರೇಟರು ಅಷ್ಟಕ್ಕೇ ಯಂತ್ರ ನಿಲ್ಲಿಸಿದನಲ್ಲ, ಅದೇ ಮೊದಲ ಬುದ್ಧಿವಂತಿಕೆ. ಗುತ್ತಿಗೆದಾರರ ಕಡೆಯವರು, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಆರೂ ಸಿಲಿಂಡರ್ ಬಿಚ್ಚಬೇಕು, ಎಂಜಿನ್ನನ್ನು ಹುಬ್ಬಳ್ಳಿಗೆ ಒಯ್ಯಬೇಕು" ಎಂದರು. ಹಾಗೆ ಒಯ್ದಿದ್ದರೆ ಆ ವರ್ಷ ಏರಿಯ ಆಸೆಯನ್ನು ಬಿಡಬೇಕಾಗಿತ್ತು. ಊರಿನ ಹಿರಿಯರು ಶಿಕಾರಿಪುರದಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದರು. ವಯಸ್ಸಾದವರು, ಎಲ್ಲರೂ ಸಾಹೇಬರೆಂದೇ ಕರೆಯುತ್ತಿದ್ದರು. ಮಧ್ಯಾಹ್ನದ ಬಸ್ಸಿನಲ್ಲಿ ಒಂದು ಕ್ಯಾನ್ವಾಸ್ ಚೀಲ ಹಿಡಿದು ಬಂದಿಳಿದರು.

ಅವರು ಬಂದವರೇ ಸ್ಪಾನರ್ ಹಿಡಿಯಲಿಲ್ಲ. ಏರಿಯ ಮೇಲೆ ಕುಳಿತು ಬೀಡಿ ಹಚ್ಚಿ ಆಪರೇಟರನನ್ನು ವಿಚಾರಿಸತೊಡಗಿದರು. ನೀರು ಕಡಿಮೆಯಾಗುವುದು ಓಡುವಾಗಲೋ, ನಿಂತಾಗಲೋ? ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತೇ? ರಾತ್ರಿ ಮಳೆ ಬಿದ್ದಾಗ ಕೊಳವೆಗೆ ಮುಚ್ಚಳವಿತ್ತೇ? ಯಾವ ನೀರು ಹಾಕುತ್ತೀ?

"ರಾತ್ರಿ ನಿಂತಾಗಲೇ ಜಾಸ್ತಿ ಇಳಿಯುತ್ತೆ ಸಾಹೇಬ್ರೆ. ಹೊಗೆ ಸರಿಯಾಗೇ ಇದೆ. ಕೊಳವೆಗೆ ಡಾಲ್ಡಾ ಡಬ್ಬಿ ಕವುಚಿದ್ದೆ. ನೀರು ಇದೇ ಕೆರೆ ಗುಂಡಿಯದು."

"ಹಾಗಾದ್ರೆ ಮಳೆ ನೀರಲ್ಲ. ನಿಂತಾಗ ಇಳಿಯುತ್ತೆ ಅನ್ನೋದನ್ನ ನೆನಪಿಟ್ಕೋ" ಎಂದರು ಸಾಹೇಬರು.

ಮೊದಲು ಅವರು ಎಣ್ಣೆಯಲ್ಲಿರುವುದು ನಿಜವಾಗಿಯೂ ನೀರೇ ಎಂದು ಖಚಿತಪಡಿಸಿಕೊಂಡರು. ಒಂದು ಬಾಂಡ್ಲಿಯನ್ನು ಬೆಂಕಿಯ ಮೇಲೆ ಕಾಯಿಸಿ ಎರಡು ಹನಿ ಎಣ್ಣೆ ಬಿಟ್ಟರು. ಒಗ್ಗರಣೆಗೆ ಹಸಿ ಕರಿಬೇವು ಬಿದ್ದಂತೆ ಚಟಪಟವೆಂದು ಸಿಡಿಯಿತು. ಒಣ ಎಣ್ಣೆ ಹೀಗೆ ಸಿಡಿಯುವುದಿಲ್ಲ, ಹೊಗೆಯಾಡುತ್ತದೆ ಅಷ್ಟೆ. ಚಳಿಗಾಲದಲ್ಲಿ, ಮಳೆಗಾಲದಲ್ಲಿ ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ಬಿಳಿ ನೊರೆ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಗಾಳಿಯ ತೇವ ಹನಿಗಟ್ಟಿದ್ದು, ಎಂಜಿನ್ ಚೆನ್ನಾಗಿ ಕಾದರೆ ಹೋಗುತ್ತದೆ ಎಂದೂ ಹೇಳಿದರು.

ಆ ರಾತ್ರಿ ಯಂತ್ರವನ್ನು ಮುಟ್ಟಲು ಬಿಡಲಿಲ್ಲ. ಬೆಳಗ್ಗೆ ಚೇಂಬರಿನ ತಳದ ಬೋಲ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿದರು. ಮೊದಲು ಬಂದದ್ದು ಬರಿಯ ನೀರು! ಎಣ್ಣೆಗಿಂತ ನೀರು ಭಾರ, ರಾತ್ರಿಯೆಲ್ಲ ತಳಕ್ಕಿಳಿದಿತ್ತು. ಅದನ್ನು ಬಾಟಲಿಯಲ್ಲಿ ಅಳೆದು, ರೇಡಿಯೇಟರಿನಲ್ಲಿ ಕಡಿಮೆಯಾದ ಅಳತೆಯೊಡನೆ ಹೋಲಿಸಿದರು. ಹೆಚ್ಚುಕಡಿಮೆ ತಾಳೆಯಾಯಿತು.

ಇನ್ನು ಸೋರಿಕೆ ಎಲ್ಲಿ ಎಂಬುದು. ಇಲ್ಲಿ ಸಾಹೇಬರ ತರ್ಕವನ್ನು ಗಮನಿಸಿ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡವು ನೀರಿನ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಆಯಿಲ್ ಕೂಲರು ಸೋರಿದರೆ ಓಡುವಾಗ ಎಣ್ಣೆಯೇ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಜಿಡ್ಡು ಕಾಣಬೇಕು. ರೇಡಿಯೇಟರಿನೊಳಗೆ ಬಿಳಿ ಬಟ್ಟೆ ಅದ್ದಿ ತೆಗೆದರು. ಮಣ್ಣಿನ ಬಣ್ಣ ಮಾತ್ರ, ಜಿಡ್ಡಿಲ್ಲ. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ಉರಿಯುವ ಅನಿಲ ನೀರಿಗೆ ನುಗ್ಗಿ ಗುಳ್ಳೆಯೇಳಬೇಕು. ಎಣ್ಣೆ ಹೊಸದನ್ನು ತುಂಬಿ, ಕೆಲವೇ ನಿಮಿಷ ಎಂಜಿನ್ ಓಡಿಸಿ, ರೇಡಿಯೇಟರಿನ ಬಾಯಿ ತೆರೆದು ನೋಡಿದರು. ನೀರು ಸುಮ್ಮನೆ ಸುಳಿಯುತ್ತಿತ್ತು, ಗುಳ್ಳೆಯಿಲ್ಲ. ಸಿಲಿಂಡರಿನೊಳಗೆ ನೀರು ಬಿದ್ದಿದ್ದರೆ ಬಿಳಿ ಹೊಗೆ ಬರಬೇಕು, ಅದೂ ಇಲ್ಲ. ಉಳಿದದ್ದು ಲೈನರಿನ ಕೆಳಭಾಗ. ನಿಂತಾಗಲೇ ಹೆಚ್ಚು ಇಳಿಯುತ್ತದೆ ಎಂಬ ಮಾತಿಗೂ ಅದೇ ಹೊಂದುತ್ತಿತ್ತು.

"ಇಷ್ಟು ಅಂದಾಜು. ಇನ್ನು ಕಣ್ಣಿಂದ ನೋಡ್ಬೇಕು ಮೇಷ್ಟ್ರೆ" ಎಂದರು ನನ್ನತ್ತ ತಿರುಗಿ.

ನೋಡುವುದಕ್ಕೆ ಚೇಂಬರನ್ನು ಕೆಳಗಿನಿಂದ ಕಳಚಬೇಕು. 20 ಟನ್ನಿನ ಯಂತ್ರವನ್ನು ಎತ್ತುವವರಾರು? ಊರಿನ ಯುವಕರು ಹಾರೆ ಗುದ್ದಲಿ ತಂದು, ಎರಡು ಚೈನುಗಳ ನಡುವಿನ ಗಟ್ಟಿ ನೆಲದಲ್ಲಿ ಮನುಷ್ಯ ಕುಳಿತುಕೊಳ್ಳುವಷ್ಟು ಗುಂಡಿ ತೋಡಿದರು. ಮಣ್ಣು ತೋಡಲು ಬಂದ ಯಂತ್ರಕ್ಕಾಗಿ ಮನುಷ್ಯರು ಮಣ್ಣು ತೋಡಿದರು! ಅಡಿಯ ಕವಚ, ಚೇಂಬರು ಎರಡನ್ನೂ ಇಳಿಸಿದ ಮೇಲೆ ಸಾಹೇಬರು ಚೀಲದಿಂದ ಒಂದು ಹಳೆಯ ರೇಡಿಯೇಟರ್ ಮುಚ್ಚಳವನ್ನು ತೆಗೆದರು. ಅದಕ್ಕೆ ಸೈಕಲ್ ಟ್ಯೂಬಿನ ವಾಲ್ವನ್ನು ಬೆಸೆಯಲಾಗಿತ್ತು. ರೇಡಿಯೇಟರನ್ನು ಅಂಚಿನವರೆಗೆ ತುಂಬಿ, ಆ ಮುಚ್ಚಳ ಬಿಗಿದು, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹಾಕಿದರು. ಹೆಚ್ಚು ಹಾಕಿದರೆ ರೇಡಿಯೇಟರೇ ಬಿರಿದೀತೆಂದು ಬೆರಳಿನಿಂದ ರಬ್ಬರ್ ಹೋಸನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಗುಂಡಿಯೊಳಗೆ ಹಳೆಯ ದಿನಪತ್ರಿಕೆಗಳನ್ನು ಹಾಸಿ ಟಾರ್ಚು ಹಿಡಿದು ಕುಳಿತರು.

ಸುಮಾರು ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಪತ್ರಿಕೆಯ ಮೇಲೆ ಟಪ್ಪೆಂದು ಒಂದು ಹನಿ. ಮತ್ತೆ ಒಂದು. ನಾಲ್ಕನೆಯ ಸಿಲಿಂಡರಿನ ಕೆಳಗೆ. ಆದರೆ ಅಲ್ಲಿಗೂ ಅವರು ತೀರ್ಪು ಕೊಡಲಿಲ್ಲ. ಮೇಲಿನಿಂದ ಲೈನರಿನ ಒಳಮೈಗುಂಟ ಇಳಿದ ನೀರೂ ಅಲ್ಲಿಯೇ ತೊಟ್ಟಿಕ್ಕಬಹುದಲ್ಲವೇ? ಕ್ರ್ಯಾಂಕನ್ನು ತಿರುಗಿಸಿ ಆ ಪಿಸ್ಟನ್ನನ್ನು ಮೇಲಕ್ಕೆ ಕಳಿಸಿ, ಒಳಮೈಯನ್ನು ಒರೆಸಿ, ಕನ್ನಡಿ ಹಿಡಿದು ನೋಡಿದರು. ಒಳಮೈ ಒಣಗಿಯೇ ಇತ್ತು. ಹನಿ ಮೂಡುತ್ತಿದ್ದದ್ದು ಲೈನರಿನ ಹೊರ ಅಂಚಿನಲ್ಲಿ. "ಓ-ರಿಂಗ್" ಎಂದರು, ಒಂದೇ ಮಾತು.

ಆ ಎಂಜಿನ್ನಿಗೆ ಎರಡೆರಡು ಸಿಲಿಂಡರಿಗೆ ಒಂದರಂತೆ ಮೂರು ಹೆಡ್ಡುಗಳು. ಹಾಗಾಗಿ ನಡುವಿನ ಒಂದು ಹೆಡ್ಡನ್ನು ಮಾತ್ರ ತೆಗೆದರೆ ಸಾಕಾಯಿತು. ಲೈನರನ್ನು ಎಳೆದಾಗ ಓ-ರಿಂಗುಗಳು ಗಟ್ಟಿಯಾಗಿ ಬಿರಿದು ಹೋಗಿದ್ದವು. ಲೈನರಿನ ಹೊರಮೈಯಲ್ಲಿ, ಒಂದೇ ಪಕ್ಕದಲ್ಲಿ, ಗೆದ್ದಲು ತಿಂದ ಮರದ ಹಾಗೆ ಸಣ್ಣ ಸಣ್ಣ ಕುಳಿಗಳಿದ್ದವು. ಪಿಸ್ಟನ್ನಿನ ಹೊಡೆತಕ್ಕೆ ಲೈನರು ಅದುರಿದಾಗ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಸಿಡಿಯುತ್ತವೆ. ಸಿಡಿದ ಪ್ರತಿ ಗುಳ್ಳೆಯೂ ಲೋಹಕ್ಕೆ ಒಂದು ಸಣ್ಣ ಪೆಟ್ಟು. ಔಷಧಿ ಬೆರೆಸದ ಕೆರೆಯ ನೀರನ್ನು ವರ್ಷಗಟ್ಟಲೆ ತುಂಬಿದರೆ ಹೀಗಾಗುತ್ತದೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಪೂರ್ತಿ ತೂತಾಗುತ್ತಿತ್ತು. ಶಿವಮೊಗ್ಗದಿಂದ ಹೊಸ ಲೈನರು, ರಿಂಗುಗಳು ಬಂದವು. ಚೇಂಬರ್ ತೆರೆದೇ ಇದ್ದುದರಿಂದ ಬೇರಿಂಗುಗಳನ್ನೂ ಕಳಚಿ ನೋಡಿದರು. ಎರಡು ಮಾತ್ರ ಬದಲಾಯಿಸಬೇಕಾಯಿತು. ಹೊಸ ಫಿಲ್ಟರು, ಹೊಸ ಎಣ್ಣೆ ಹಾಕಿ ಅರ್ಧ ಗಂಟೆ ಓಡಿಸಿ, ಮೂಲೆಯಲ್ಲಿ ಉಳಿದ ನೀರೂ ಹೋಗಲೆಂದು ಆ ಎಣ್ಣೆಯನ್ನು ಚೆಲ್ಲಿ ಮತ್ತೆ ತುಂಬಿಸಿದರು.

ಎಂಟನೆಯ ದಿನ ಯಂತ್ರ ಏರಿಯ ಮೇಲಿತ್ತು. ಮೃಗಶಿರ ಹಿಡಿದಾಗ ಕೋಡಿಯ ಕಲ್ಲುಕಟ್ಟಡ ಬಾಕಿಯಿತ್ತು, ಏರಿ ನಿಂತಿತ್ತು. ಆ ವರ್ಷ ಕೆರೆಯನ್ನು ಅರ್ಧ ಮಾತ್ರ ತುಂಬಿಸಿಕೊಂಡರು. ನಾಟಿ ತಡವಾದರೂ ಆಯಿತು.

ನೀರುಗಂಟಿಯ ವಿದ್ಯೆ, ಮಿಸ್ತ್ರಿಯ ವಿದ್ಯೆ

ಆ ದಿನಗಳಲ್ಲಿ ಅದೇ ಊರಿನ ಮುದಿ ನೀರುಗಂಟಿಯೊಬ್ಬರು ಗುಂಡಿಯ ಅಂಚಿನಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಏರಿ ಜಿನುಗಿದರೆ ನೀವು ಹೇಗೆ ಪತ್ತೆಮಾಡುತ್ತೀರೆಂದು ನಾನು ಕೇಳಿದೆ. "ಜಿನುಗೋ ನೀರು ತಿಳಿಯಾಗಿದ್ರೆ ಭಯ ಇಲ್ಲ ಮೇಷ್ಟ್ರೆ, ಕದಡಿ ಬಂದ್ರೆ ಏರಿ ಮಣ್ಣನ್ನೇ ತಿಂತಾ ಇದೆ ಅಂತ. ಒಳಮಗ್ಗುಲಲ್ಲಿ ಭತ್ತದ ಹೊಟ್ಟು ಚೆಲ್ಲಬೇಕು, ಎಲ್ಲಿ ಸುಳಿ ಸುತ್ತುತ್ತೋ ಅಲ್ಲೇ ಬಾಯಿ" ಎಂದರು. ಬಣ್ಣ ನೋಡುವುದು, ಮಟ್ಟ ಅಳೆಯುವುದು, ನೀರು ಯಾವ ಕಡೆಯಿಂದ ಯಾವ ಕಡೆಗೆ ನುಗ್ಗುತ್ತದೆಂದು ಯೋಚಿಸುವುದು, ಕೊನೆಗೆ ಕಣ್ಣಾರೆ ಕಾಣುವುದು. ಎರಡೂ ವಿದ್ಯೆಗಳ ಕ್ರಮ ಒಂದೇ. ಕೆರೆಯ ಊರುಗಳಲ್ಲಿ ಬೆಳೆದ ನಮ್ಮ ಮಿಸ್ತ್ರಿಗಳಿಗೆ ನೀರಿನ ಸ್ವಭಾವ ಹೊಸದೇನೂ ಆಗಿರಲಿಲ್ಲವೆಂದೇ ನನ್ನ ಅನಿಸಿಕೆ.

ಪರೀಕ್ಷಿಸದೆ ಬಿಚ್ಚುವವರಿಗೆ ನಮ್ಮಲ್ಲೊಂದು ಗಾದೆಯಿದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಡ್ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಿದ್ದರೆ ನಾಲ್ಕನೆಯ ಲೈನರು ತನ್ನ ಪಾಡಿಗೆ ಸೋರುತ್ತಲೇ ಇರುತ್ತಿತ್ತು, ಏರಿ ಏಳುತ್ತಿರಲಿಲ್ಲ.

ಕಾಲ ಬದಲಾಗಿದೆ. 1979ರಿಂದ ಹರಿಯಾಣದ ಬಲ್ಲಭಗಡದಲ್ಲಿ ತಯಾರಾಗತೊಡಗಿದ ಜೆಸಿಬಿ ಯಂತ್ರಗಳು, ಆಮೇಲೆ ಹಿಟಾಚಿಗಳು ಕೆರೆಯ ಕೆಲಸವನ್ನು ವಹಿಸಿಕೊಂಡವು. 2002ರಿಂದ ವಿಶ್ವಬ್ಯಾಂಕಿನ ನೆರವಿನ ಜಲಸಂವರ್ಧನೆ ಯೋಜನೆಯಲ್ಲಿ ರಾಜ್ಯದ ಅನೇಕ ಕೆರೆಗಳು ದುರಸ್ತಿಯಾದವು. ಬೆಮೆಲ್ 2007ರಲ್ಲಿ ತನ್ನ ಪೂರ್ಣ ಹೆಸರನ್ನೇ ಬೆಮೆಲ್ ಲಿಮಿಟೆಡ್ ಎಂದು ಬದಲಿಸಿಕೊಂಡಿತು. ಇಂದು ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಅಂಶದಿಂದಲೇ ಕೂಲೆಂಟು ಸೇರಿದೆಯೆಂದು, ಕಣ್ಣಿಗೆ ಕಾಣುವ ಮೊದಲೇ ಹೇಳಬಲ್ಲರು. ಬಣ್ಣ ಬೆರೆಸಿದ ಕೂಲೆಂಟು ಸೋರಿಕೆಯನ್ನು ತಾನೇ ತೋರಿಸಿಕೊಡುತ್ತದೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಎಷ್ಟನೆಯ ಲೈನರು ಎಂಬುದನ್ನು ಪ್ರಯೋಗಾಲಯ ಹೇಳದು. ಅದಕ್ಕೆ ಈಗಲೂ ಯಾರೋ ಒಬ್ಬರು ಯಂತ್ರದ ಕೆಳಗೆ ಟಾರ್ಚು ಹಿಡಿದು ಕೂರಲೇಬೇಕು.

ಕಾಕುತ್ಸ್ಥವರ್ಮನ ಕೆರೆಗೆ ಮಣ್ಣು ಹೊತ್ತವರ ಹೆಸರು ತಾಳಗುಂದದ ಕಂಬದಲ್ಲಿಲ್ಲ. ನಮ್ಮ ಕಾಲದ ಏರಿಗಳನ್ನು ಕಟ್ಟಿದ ಆಪರೇಟರು, ಮಿಸ್ತ್ರಿ, ಕ್ಲೀನರುಗಳ ಹೆಸರೂ ಯಾವ ಕಡತದಲ್ಲಿಯೂ ಉಳಿಯುವ ಲಕ್ಷಣವಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮೂರಿನ ಕೆರೆಗೆ ಮೊದಲ ಬುಲ್ಡೋಜರ್ ಬಂದ ವರ್ಷ ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದೀತು. ಅವರನ್ನು ಕೇಳಿ ಬರೆದಿಡಿ. ಯಾರಲ್ಲಾದರೂ ಹಳೆಯ ಭಾವಚಿತ್ರವಿದ್ದರೆ ಅದರ ಹಿಂದೆ ಊರು, ವರ್ಷ ಮತ್ತು ಯಂತ್ರದ ಮುಂದೆ ನಿಂತವರ ಹೆಸರು ಬರೆಯಿರಿ. ನನಗೂ ಒಂದು ಪ್ರತಿ ಕಳಿಸಿದರೆ ಸಂತೋಷ. ಮುಂದಿನ ಬಾರಿ ಅಂಜನಾಪುರ ಜಲಾಶಯ ಮತ್ತು ಕುಮುದ್ವತಿಯ ನಾಲೆಗಳ ಕುರಿತು ಬರೆಯುವ ಮನಸ್ಸಿದೆ.